ಹೌಸಿಂಗು ಬಿಚ್ಚುವ ಮುನ್ನ: ಘಾಟಿ ಲಾರಿ ಮಾಲೀಕರ ಕೈಪಿಡಿ

ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರ, ಗೂಡಲೂರು ದಾಟಿ ಊಟಿಗೆ ಲೋಡು ಹೊಡೆಸುವ ಲಾರಿ ಮಾಲೀಕರಿಗಾಗಿ ಈ ಕೈಪಿಡಿ. ಡ್ರೈವರ್ ಓದಬೇಕಾಗಿಲ್ಲ. ಅವನಿಗೆ ಇದೆಲ್ಲ ಗೊತ್ತು, ನೀವು ಕೇಳಲಿಲ್ಲ ಅಷ್ಟೆ.

ಉದ್ದೇಶ: ಹಿಂದಿನ ಹೌಸಿಂಗಿನೊಳಗಿನ ಕ್ರೌನು-ಪಿನಿಯನ್ನು ಬದಲಿಸಿ ಡೀಸೆಲ್ ಉಳಿಸುವುದು. ಕ್ರೌನಿಗೆ 41 ಹಲ್ಲು, ಪಿನಿಯನ್ನಿಗೆ 6 ಇದ್ದರೆ ರೇಷಿಯೊ 6.83. ಪಿನಿಯನ್ನಿನದು 7 ಆದರೆ 5.86. ಒಂದೇ ಒಂದು ಹಲ್ಲಿನ ವ್ಯಾಪಾರ.

ಹಂತ 1. ಈಗ ಒಳಗೆ ಏನಿದೆ ಎಂದು ತಿಳಿಯಿರಿ. ಸಮತಟ್ಟು ಜಾಗದಲ್ಲಿ ಲಾರಿ ನಿಲ್ಲಿಸಿ, ಉಳಿದ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಗೇರು ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕು ಬಿಟ್ಟು ಹಿಂದಿನ ಒಂದು ಬದಿಗೆ ಜಾಕಿ ಹಾಕಿ. ಟೈರಿಗೂ ಪ್ರೊಪೆಲ್ಲರ್ ಶಾಫ್ಟಿಗೂ ಸೀಮೆಸುಣ್ಣದ ಗೆರೆ ಎಳೆಯಿರಿ. ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ, ಶಾಫ್ಟಿನ ಸುತ್ತು ಎಣಿಸಿ. ಏಳಕ್ಕೆ ಚೂರು ಕಡಿಮೆ ಬಂದರೆ 6.83, ಆರಕ್ಕೆ ಚೂರು ಕಡಿಮೆಯಾದರೆ 5.86. ಎರಡು ಸುತ್ತು ಯಾಕೆಂದರೆ ಇನ್ನೊಂದು ಚಕ್ರ ನೆಲದ ಮೇಲಿದೆ. ಡಿಫರೆನ್ಷಿಯಲ್ ಅರ್ಧ ಪಾಲು ನುಂಗಿಬಿಡುತ್ತದೆ.

ಹಂತ 2. ಬಿಚ್ಚುವ ಕೆಲಸ ಮೇಸ್ತ್ರಿಗೆ ಬಿಡಿ. ಕ್ರೌನು-ಪಿನಿಯನ್ನು ಜೋಡಿಯಾಗಿಯೇ ತಿಕ್ಕಿ ಹೊಂದಿಸಿದ ಸೆಟ್ಟು. ಒಂದರ ಕ್ರೌನು ಇನ್ನೊಂದರ ಪಿನಿಯನ್ನಿಗೆ ಕಟ್ಟಿದರೆ ಹೌಸಿಂಗು ಊಳಿಡುತ್ತದೆ.

ಹಂತ 3. ಲಾಭದ ಲೆಕ್ಕ ಹಾಕಿ. ಟೈರು ಒಂದು ಸುತ್ತಿಗೆ ಸುಮಾರು 3.2 ಮೀಟರ್ ಉರುಳುತ್ತದೆ ಎನ್ನಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ, ನೇರ ಟಾಪ್ ಗೇರಿನಲ್ಲಿ, 6.83ರ ಲಾರಿಯ ಎಂಜಿನ್ ನಿಮಿಷಕ್ಕೆ 2,130 ಸುತ್ತಿನ ಆಸುಪಾಸು ತಿರುಗಿದರೆ 5.86ರದು 1,830. ಮುನ್ನೂರು ಸುತ್ತು ಉಳಿಯಿತು! ಡೀಸೆಲ್ ಅಷ್ಟೇ ಪಾಲು ಉಳಿಯುವುದಿಲ್ಲ, ಆದರೂ ಉಳಿತಾಯ ನಿಜ. ನಂಜನಗೂಡು ದಾಟಿ ಗುಂಡ್ಲುಪೇಟೆಯವರೆಗೆ ಚೆನ್ನಾಗಿ ಅನುಭವಿಸಿ. ಆಮೇಲೆ ಬಂಡೀಪುರದ ಹಂಪುಗಳು ಶುರು. ಹಂಪಿನಿಂದ ಹಂಪಿಗೆ ಗೇರು ಇಳಿಸಿ ಏರಿಸುವ ಜಾಗದಲ್ಲಿ ಟಾಪ್ ಗೇರಿನ ಉಳಿತಾಯ ಎಲ್ಲಿಂದ ಬರಬೇಕು? ರಾತ್ರಿ 9ಕ್ಕೆ ಗೇಟು ಹಾಕಿದರೆ ಬೆಳಿಗ್ಗೆ 6ರವರೆಗೆ ಯಾವ ರೇಷಿಯೊ ಆದರೂ ಒಂದೇ.

ಹಂತ 4. ಗೂಡಲೂರು ಬಿಟ್ಟ ಮೇಲೆ ಕ್ಯಾಲ್ಕುಲೇಟರ್ ಮಡಚಿಡಿ. ಲೋಡು ಸೇರಿ 16 ಟನ್ ತೂಗುವ ಲಾರಿಯನ್ನು ಸುಮಾರು 1,150 ಮೀಟರ್ ಮೇಲೆತ್ತಿ ಊಟಿ ಮುಟ್ಟಿಸಲು, ಬರೀ ಎತ್ತುವ ಕೆಲಸಕ್ಕೇ ಸುಮಾರು 13 ಲೀಟರ್ ಡೀಸೆಲ್ ಬೇಕು. ಇದು ಗುಡ್ಡದ ಸುಂಕ, ಹಲ್ಲು ಬದಲಿಸಿದರೆ ಮಾಫಿ ಇಲ್ಲ. ಚಕ್ರಕ್ಕೆ ಸಿಗುವ ಎಳೆತ ಗೇರ್‌ಬಾಕ್ಸಿನ ರೇಷಿಯೊವನ್ನು ಹೌಸಿಂಗಿನದರಿಂದ ಗುಣಿಸಿದಷ್ಟು. ಹೌಸಿಂಗು ಕಡಿಮೆ ಕೊಟ್ಟದ್ದನ್ನು ಗೇರ್‌ಬಾಕ್ಸು ತುಂಬಿಕೊಡಬೇಕು. ನಡುವಟ್ಟಂ ತಿರುವುಗಳಲ್ಲಿ ಸೆಕೆಂಡಿನಲ್ಲಿ ಏರುತ್ತಿದ್ದ ಲಾರಿ ಈಗ ಫಸ್ಟ್ ಕೇಳುತ್ತದೆ. ಸೆಕೆಂಡಿಗೆ ಉಸಿರು ಕಟ್ಟುತ್ತದೆ, ಫಸ್ಟಿಗೆ ಅರಚುತ್ತದೆ, ಕ್ಲಚ್ ಪ್ಲೇಟು ಮಧ್ಯಸ್ಥಿಕೆಗೆ ಹೋಗಿ ಸುಡುತ್ತದೆ.

ನೀಲಗಿರಿಯಲ್ಲಿ ಮೈದಾನಕ್ಕೂ ಘಾಟಿಗೂ ನಡುವಿನ ಈ ಜಗಳ ಇತ್ಯರ್ಥವಾಗಿರುವುದು ಒಂದೇ ಕಡೆ: 1899ರಲ್ಲಿ ಕೂನೂರು ಮುಟ್ಟಿದ ರೈಲಿನಲ್ಲಿ. ಕಲ್ಲಾರು–ಕೂನೂರು ನಡುವೆ 12.5ಕ್ಕೆ 1ರಷ್ಟು ಏರು. ಅಲ್ಲಿ ಓಡುವ ಎಕ್ಸ್ ಕ್ಲಾಸ್ ಉಗಿ ಎಂಜಿನ್ನಿಗೆ ಚಕ್ರ ತಿರುಗಿಸಲು ಒಂದು ಜೋಡಿ ಸಿಲಿಂಡರ್, ಹಲ್ಲುಕಂಬಿಗೆ ಕಚ್ಚುವ ಪಿನಿಯನ್ನಿಗೆ ಇನ್ನೊಂದು ಜೋಡಿ. ನಿಮ್ಮ ಲಾರಿಗೆ ಅಂಥ ಭಾಗ್ಯವಿಲ್ಲ. ಮೈದಾನಕ್ಕೂ ಘಾಟಿಗೂ ಒಂದೇ ಪಿನಿಯನ್ನು.

ಹಂತ 5, ಇಳಿಯುವುದು. ಹೊಸ ರೇಷಿಯೊದಲ್ಲಿ ಅದೇ ಗೇರು, ಅದೇ ವೇಗಕ್ಕೆ ಎಂಜಿನ್ ನಿಧಾನ ತಿರುಗುತ್ತದೆ, ಅಂದರೆ ತಡೆಯುವುದೂ ಕಡಿಮೆ. ಆ ಭಾರ ಬ್ರೇಕ್ ಲೈನಿಂಗಿಗೆ. ಒಂದು ಗೇರು ಕೆಳಗೇ ಇಳಿಸಿಕೊಂಡು ಬರಲು ಹೇಳಿ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಬಿಡು ಎಂದು ನೀವೇ ಹಿಂದೊಮ್ಮೆ ಹೇಳಿದ್ದರೆ ಆ ಮಾತು ಇಂದೇ ವಾಪಸ್ ತೆಗೆದುಕೊಳ್ಳಿ. ಗೇರಿನಲ್ಲಿ ಕಾಲು ತೆಗೆದು ಇಳಿಯುವಾಗ ಪಂಪು ಡೀಸೆಲ್ ನಿಲ್ಲಿಸಿಬಿಡುತ್ತದೆ. ನ್ಯೂಟ್ರಲ್ಲಿನಲ್ಲಿ ಎಂಜಿನ್ ಬಡಿದುಕೊಳ್ಳಲು ಡೀಸೆಲ್ ಬೇಕೇ ಬೇಕು. ಉಳಿತಾಯವೂ ಇಲ್ಲ, ಬ್ರೇಕೂ ಇಲ್ಲ.

ಹಂತ 6. ಸಂಭ್ರಮಪಡುವ ಮೊದಲು ಮೀಟರ್ ನೋಡುವುದು ಬಿಡಿ. ಗೇರ್‌ಬಾಕ್ಸಿನ ಹಿಂಬದಿಯಿಂದ ಓಡುವ ಮೀಟರ್ ಎಣಿಸುವುದು ಶಾಫ್ಟಿನ ಸುತ್ತನ್ನು, ರಸ್ತೆಯನ್ನಲ್ಲ. 5.86 ಹಾಕಿದಿರೋ, ಲಾರಿ 117 ಕಿ.ಮೀ. ಓಡಿದರೆ ಮೀಟರ್ 100 ಎನ್ನುತ್ತದೆ. ಮೈಲೇಜು ಬಿತ್ತೆಂದು ಮೇಸ್ತ್ರಿಯ ಜೊತೆ ಜಗಳಕ್ಕೆ ಹೋಗುತ್ತೀರಿ. ಅದೇ 5.86 ತೆಗೆದು 6.83 ಹಾಕಿಸಿದವರಿಗೆ ಲೀಟರಿಗೆ 4 ಕೊಡುತ್ತಿದ್ದ ಲಾರಿ ಒಂದು ಹನಿಯೂ ಉಳಿಸದೆ 4.7 ಕೊಡುತ್ತದೆ, ಪಕ್ಕದ ಮಾಲೀಕರೂ ಹೌಸಿಂಗು ಬಿಚ್ಚಿಸುತ್ತಾರೆ. ಟ್ಯಾಂಕು ಕಂಠಮಟ್ಟ ತುಂಬಿಸಿ, ಹೋಗಿ ಬಂದು ಅದೇ ಬಂಕಿನಲ್ಲಿ ಮತ್ತೆ ತುಂಬಿಸಿ, ದೂರವನ್ನು ರಸ್ತೆಬದಿಯ ಕಿಲೋಮೀಟರ್ ಕಲ್ಲುಗಳಿಂದ ಎಣಿಸಿ.

ಕೊನೆಯ ಹಂತ. ತೆಗೆದ ಹಳೇ ಸೆಟ್ಟನ್ನು ಗುಜರಿಗೆ ಹಾಕಬೇಡಿ. ಗ್ರೀಸು ಬಳಿದು ಗೋಣಿಚೀಲದಲ್ಲಿ ಸುತ್ತಿ ಶೆಡ್ಡಿನ ಮೂಲೆಯಲ್ಲಿಡಿ. ಮುಂದಿನ ತಿಂಗಳು ಅದನ್ನೇ ವಾಪಸ್ ಕಟ್ಟಿಸುವಾಗ ಮಜೂರಿ ಮಾತ್ರ ಕೊಟ್ಟರೆ ಸಾಕು.