ಹೌದು, ಇಲ್ಲ, ಕಂಟ್ರೋಲ್-ಸಿ

ಶೆಲ್ ಸ್ಕ್ರಿಪ್ಟ್ ಬಳಕೆದಾರನನ್ನು ಪ್ರಶ್ನೆ ಕೇಳುವಾಗ ಸಾಮಾನ್ಯವಾಗಿ ಎರಡು ಉತ್ತರಗಳನ್ನು ನಿರೀಕ್ಷಿಸುತ್ತದೆ: ವೈ ಅಥವಾ ಎನ್. ಬರೆದವರು ಎರಡಕ್ಕೂ ದಾರಿ ಮಾಡಿಟ್ಟಿರುತ್ತಾರೆ. ಇನ್ನಷ್ಟು ಮುಂದಾಲೋಚನೆ ಉಳ್ಳವರು ದೊಡ್ಡ ವೈ, ಸಣ್ಣ ವೈ ಎರಡನ್ನೂ ಒಪ್ಪಿಕೊಳ್ಳುವ ಔದಾರ್ಯ ತೋರಿರುತ್ತಾರೆ. ಮೂರನೆಯ ಉತ್ತರವೊಂದಿದೆ. ಅದನ್ನು ಯಾವ ಪ್ರಾಂಪ್ಟೂ ಆವರಣದೊಳಗೆ ಬರೆದು ತೋರಿಸುವುದಿಲ್ಲ. ಆದರೂ ಟರ್ಮಿನಲ್ ಮುಂದೆ ಕೂತವರಿಗೆಲ್ಲ ಅದು ಬೆರಳಿನಲ್ಲೇ ಇರುತ್ತದೆ. ಅದೇ ಕಂಟ್ರೋಲ್-ಸಿ. 'ಹಳೆಯ ಫೈಲುಗಳನ್ನೆಲ್ಲ ಅಳಿಸಲೇ?' ಎಂದು ಕೇಳಿದಾಗ ಎನ್ ಒತ್ತಿದರೆ ಸಾಕಿತ್ತು. ಹಾಗಿದ್ದೂ ಜನ ಒತ್ತುವುದು ಕಂಟ್ರೋಲ್-ಸಿ. ಇದಕ್ಕೆ ಕಾರಣವೂ ಇದೆ. ಎನ್ ಎಂದರೆ ಈ ಪ್ರಶ್ನೆಗೆ ಮಾತ್ರ ಇಲ್ಲ; ಅದರ ಬೆನ್ನಿಗೆ ಇನ್ನೇನು ಕಾದಿದೆಯೋ ಬಲ್ಲವರಾರು? ಕಂಟ್ರೋಲ್-ಸಿ ಎಂದರೆ ಈ ಸ್ಕ್ರಿಪ್ಟಿನ ಸಹವಾಸವೇ ಬೇಡ ಎಂದು.

ಕೀಬೋರ್ಡಿನ ಮಟ್ಟದಲ್ಲಿ ಇದು ಬರೀ ಕಳೆಯುವ ಲೆಕ್ಕ. ಕಂಟ್ರೋಲ್ ಒತ್ತಿ ಹಿಡಿದರೆ ಅಕ್ಷರದ ಆಸ್ಕಿ ಸಂಖ್ಯೆಯಿಂದ 64 ಕಳೆದುಹೋಗುತ್ತದೆ. ದೊಡ್ಡ ಸಿ-ಯ ಸಂಖ್ಯೆ 67, ಉಳಿಯುವುದು 3. ಆಸ್ಕಿ ಪಟ್ಟಿಯಲ್ಲಿ 3 ಎಂದರೆ 'ಪಠ್ಯ ಮುಗಿಯಿತು' ಎಂಬ ಸಭ್ಯ ಸೂಚನೆ. ಅದನ್ನು 'ಸಾಕು ನಿಲ್ಲಿಸು' ಎಂಬ ಗದರಿಕೆಯಾಗಿ ಬಳಸುವ ರೂಢಿ ಡಿಇಸಿ ಕಂಪನಿಯ ಯಂತ್ರಗಳಲ್ಲಿತ್ತು. ಯೂನಿಕ್ಸಿಗೆ ಅದು ಬರ್ಕ್ಲಿಯ ಮೂಲಕ ಬಂತು. ಅದಕ್ಕೂ ಮುಂಚೆ ಬೆಲ್ ಲ್ಯಾಬ್ಸ್‌ನ ಯೂನಿಕ್ಸಿನಲ್ಲಿ ಪ್ರೋಗ್ರಾಮನ್ನು ತಡೆಯಲು ಇದ್ದದ್ದು ಡಿಲೀಟ್ ಕೀ. ಒಂದಕ್ಷರ ಅಳಿಸಲು ಹ್ಯಾಷ್ ಚಿಹ್ನೆ, ಇಡೀ ಸಾಲನ್ನು ಒರೆಸಿಹಾಕಲು ಇಂದು ಇಮೇಲ್ ವಿಳಾಸದ ನಡುವೆ ಕೂರುವ ಅಟ್ ಚಿಹ್ನೆ. ಈಗಿನವರು ಯಾರಾದರೂ 1979ರ ಏಳನೇ ಆವೃತ್ತಿಯ ಯೂನಿಕ್ಸ್ ಮುಂದೆ ಕೂತು ತಮ್ಮ ಇಮೇಲ್ ವಿಳಾಸ ಟೈಪ್ ಮಾಡಿದರೆ ಹೆಸರಿನ ಭಾಗ ಮಾಯವಾಗುತ್ತದೆ; ಗಾಬರಿಯಲ್ಲಿ ಡಿಲೀಟ್ ಒತ್ತಿದರೆ ಪ್ರೋಗ್ರಾಮೂ ಹೋಗುತ್ತದೆ. ಹೊಸ ಕಾಲದ ಫಜೀತಿ ಬೇರೆ ಬಗೆಯದು. ಉಳಿದ ಬಹುತೇಕ ಕಡೆ ಕಂಟ್ರೋಲ್-ಸಿ ಎಂದರೆ ಕಾಪಿ. ಟರ್ಮಿನಲ್‌ನಲ್ಲಿ ಕಂಡ ಒಂದು ಸಾಲನ್ನು ನಕಲು ಮಾಡಿಕೊಳ್ಳಲು ಹೋಗಿ, ಗಂಟೆಗಟ್ಟಲೆ ಓಡುತ್ತಿದ್ದ ಕೆಲಸವನ್ನು ಕೊಂದು ಕೂತವರು ಎಲ್ಲ ಆಫೀಸುಗಳಲ್ಲೂ ಸಿಗುತ್ತಾರೆ.

ಸಂಖ್ಯೆ 3 ಸ್ಕ್ರಿಪ್ಟಿನ ಕೈಗೆ ಸಿಗುವುದೇ ಇಲ್ಲ. ಕರ್ನಲ್ಲಿನೊಳಗೆ ಟರ್ಮಿನಲ್ಲಿನ ಉಸ್ತುವಾರಿ ನೋಡುವ ಭಾಗ ಅದನ್ನು ನಡುದಾರಿಯಲ್ಲೇ ಹಿಡಿದು, ಸಿಗ್‌ಇಂಟ್ ಎಂಬ 2ನೇ ನಂಬರಿನ ಸಿಗ್ನಲ್ಲಾಗಿ ಬದಲಿಸುತ್ತದೆ. ಈ ಸಿಗ್ನಲ್ ಹೋಗುವುದು ಒಂದು ಪ್ರಾಸೆಸ್‌ಗಲ್ಲ, ಆ ಟರ್ಮಿನಲ್ಲಿನಲ್ಲಿ ಮುನ್ನೆಲೆಯಲ್ಲಿರುವ ಇಡೀ ಗುಂಪಿಗೆ. ಸ್ಕ್ರಿಪ್ಟು, ಅದು ಕರೆದ ಕಮ್ಯಾಂಡು, ಪೈಪಿನ ಆ ತುದಿಯಲ್ಲಿ ಏನೂ ಅರಿಯದೆ ಕೂತಿದ್ದ ಗ್ರೆಪ್ಪು, ಎಲ್ಲರಿಗೂ ಏಕಕಾಲಕ್ಕೆ ಮುಟ್ಟುತ್ತದೆ. ಜೊತೆಗೆ, ಎಂಟರ್ ಒತ್ತದೆ ಅರ್ಧ ಟೈಪ್ ಮಾಡಿ ಬಿಟ್ಟಿದ್ದ ಉತ್ತರವನ್ನೂ ಕರ್ನಲ್ ಚೆಲ್ಲಿಬಿಡುತ್ತದೆ. ಕನ್ನಡದಲ್ಲಿ ಉತ್ತರಿಸುವವರಿಗೆ ಇಲ್ಲಿ ಒಂದು ಸಮಾಧಾನವಿದೆ. 'ಹೌದು' ಎಂಬುದು ಯುಟಿಎಫ್-8ರಲ್ಲಿ 12 ಬೈಟುಗಳಷ್ಟು ಉದ್ದ. ಆದರೆ ಅವುಗಳಲ್ಲಿ ಪ್ರತಿಯೊಂದೂ 128 ಅಥವಾ ಅದಕ್ಕಿಂತ ಮೇಲಿನ ಸಂಖ್ಯೆ. ಆದ್ದರಿಂದ ಕನ್ನಡದ ಯಾವ ಪದವೂ ಆಕಸ್ಮಿಕವಾಗಿ ಸ್ಕ್ರಿಪ್ಟನ್ನು ಕೊಲ್ಲಲಾರದು. ಸ್ಕ್ರಿಪ್ಟಿಗೆ ಆ ಪದ ಅರ್ಥವಾಗುತ್ತದೆಯೇ ಎಂಬುದು ಬೇರೆ ಮಾತು.

ಪ್ರಶ್ನೆ ಕೇಳಿ ಉತ್ತರ ಪಡೆಯುವ ಕೆಲಸ ಶೆಲ್‌ನಲ್ಲಿ ರೀಡ್ ಎಂಬ ಕಮ್ಯಾಂಡಿನದು. ರೀಡ್ ಕಾಯುತ್ತಿರುವಾಗ ಕಂಟ್ರೋಲ್-ಸಿ ಬಂದರೆ, ಬೇರೆ ಏರ್ಪಾಡೇನೂ ಇಲ್ಲದ ಪಕ್ಷದಲ್ಲಿ, ಸ್ಕ್ರಿಪ್ಟ್ ತೆಪ್ಪಗೆ ಸಾಯುತ್ತದೆ. ಅದನ್ನು ಓಡಿಸಿದ ಶೆಲ್‌ಗೆ ಸಿಗುವ ಮರಣಪತ್ರದ ಸಂಖ್ಯೆ 130. ಸಿಗ್ನಲ್ಲಿನಿಂದ ಸತ್ತವರಿಗೆ ಮೀಸಲಾದ 128, ಅದಕ್ಕೆ ಸಿಗ್ನಲ್ಲಿನ ನಂಬರು 2 ಸೇರಿ. ಹೆಚ್ಚಿನ ಸ್ಕ್ರಿಪ್ಟುಗಳಿಗೆ ಇಷ್ಟು ಸಾಕು. ಈ ವಿಷಯದಲ್ಲಿ ಕೋಡೇ ಬರೆಯದವರು ಬರೆದವರಿಗಿಂತ ಎಷ್ಟೋ ಸಲ ಮೇಲು.

ತೊಂದರೆ ಶುರುವಾಗುವುದು ಸ್ಕ್ರಿಪ್ಟ್ ಸಾಯುವ ಮುನ್ನ ಏನನ್ನಾದರೂ ಅಸ್ತವ್ಯಸ್ತ ಮಾಡಿಟ್ಟಿದ್ದರೆ. ತಾತ್ಕಾಲಿಕ ಫೈಲುಗಳು ಒಂದು ಬಗೆ. ಅವು ಉಳಿದರೆ ಡಿಸ್ಕಿಗೆ ಭಾರ, ಅಷ್ಟೆ. ಪಾಸ್‌ವರ್ಡ್ ಕೇಳುವ ಪ್ರಾಂಪ್ಟಿನದು ಮಾತ್ರ ಬೇರೆಯೇ ಕಥೆ. ಟೈಪ್ ಮಾಡಿದ್ದು ತೆರೆಯ ಮೇಲೆ ಕಾಣಬಾರದೆಂದು ಬ್ಯಾಷ್‌ನಲ್ಲಿ ರೀಡ್‌ಗೆ ಹೈಫನ್-ಎಸ್ ಎಂಬ ಆಯ್ಕೆ ಇದೆ. ಡ್ಯಾಶ್‌ನಂಥ ಮಿತಭಾಷಿ ಶೆಲ್‌ಗಳಲ್ಲಿ ಅದಿಲ್ಲ. ಎಸ್‌ಟಿಟಿವೈ ಎಂಬ ಕಮ್ಯಾಂಡಿಗೆ ಹೇಳಿ ಟರ್ಮಿನಲ್ಲಿನ ಎಕೋ ಆರಿಸಿ, ಪಾಸ್‌ವರ್ಡ್ ಓದಿ, ಮತ್ತೆ ಹಚ್ಚಬೇಕು. ಎಕೋ ಎನ್ನುವುದು ಟರ್ಮಿನಲ್ಲಿನ ಗುಣ, ಸ್ಕ್ರಿಪ್ಟಿನದಲ್ಲ. ಆರಿಸುವ ಸಾಲಿಗೂ ಹಚ್ಚುವ ಸಾಲಿಗೂ ನಡುವೆ ಕಂಟ್ರೋಲ್-ಸಿ ಬಿದ್ದು ಸ್ಕ್ರಿಪ್ಟ್ ಹೋದರೂ ಕತ್ತಲು ಉಳಿಯಬಹುದು. ಆಮೇಲೆ ಬಳಕೆದಾರ ಕೀಲಿ ಕುಟ್ಟುತ್ತಾನೆ, ತೆರೆ ಸುಮ್ಮನಿರುತ್ತದೆ. ಹ್ಯಾಂಗ್ ಆಯಿತೆಂದು ಇನ್ನೂ ಜೋರಾಗಿ ಕುಟ್ಟುತ್ತಾನೆ. ಎಂಟರ್ ಒತ್ತಿದಾಗ, ಕಾಣದೆ ಟೈಪ್ ಆಗಿದ್ದ ಎಲ್ಲವೂ ಒಂದು ಕಮ್ಯಾಂಡಾಗಿ ಓಡುತ್ತದೆ. ಸಿಟ್ಟಿನಲ್ಲಿ ಹೊಡೆದ ಬೈಗುಳವಾಗಿದ್ದರೆ 'ಅಂಥ ಕಮ್ಯಾಂಡ್ ಇಲ್ಲ' ಎಂದು ಶೆಲ್ ವಿನಯದಿಂದ ತಿಳಿಸುತ್ತದೆ. ಬಲ್ಲವರು ಕಣ್ಣಿಗೆ ಕಾಣದಿದ್ದರೂ 'ಎಸ್‌ಟಿಟಿವೈ ಸೇನ್' ಎಂದು ಟೈಪ್ ಮಾಡಿ ಟರ್ಮಿನಲ್ಲಿಗೆ ಬುದ್ಧಿ ಮರಳಿಸುತ್ತಾರೆ. ಉಳಿದವರು ವಿಂಡೋ ಮುಚ್ಚಿ ಹೊಸದನ್ನು ತೆರೆಯುತ್ತಾರೆ. ಈ ಚಿಕಿತ್ಸೆಯೂ ಅಷ್ಟೇ ಪರಿಣಾಮಕಾರಿ ಎಂದು ಒಪ್ಪಬೇಕು.

ಇಂಥದಕ್ಕೆಂದೇ ಇರುವುದು ಟ್ರ್ಯಾಪ್. ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಬೋರ್ನ್ ಬರೆದು ಏಳನೇ ಆವೃತ್ತಿಯ ಯೂನಿಕ್ಸ್ ಜೊತೆ ಹೊರಬಂದ ಶೆಲ್‌ನಲ್ಲೇ ಇದು ಇತ್ತು. ಸಿಗ್ನಲ್ ಬಂದಾಗ ಏನು ಮಾಡಬೇಕೆಂದು ಮೊದಲೇ ಬರೆದಿಡುವ ಉಯಿಲು ಎನ್ನಬಹುದು. ಎಸ್‌ಟಿಟಿವೈಗೆ ಹೈಫನ್-ಜಿ ಕೊಟ್ಟು ಟರ್ಮಿನಲ್ಲಿನ ಈಗಿನ ಸ್ಥಿತಿಯನ್ನು ಒಂದು ವೇರಿಯೇಬಲ್‌ನಲ್ಲಿ ಇಟ್ಟುಕೊಳ್ಳಬೇಕು. ಆಮೇಲೆ ಅದನ್ನು ಮರಳಿಸುವ ಟ್ರ್ಯಾಪ್ ಹಾಕಬೇಕು. ಎಕೋ ಆರಿಸುವುದು ಕೊನೆಗೆ. ಮೊದಲು ಆರಿಸಿ ಆಮೇಲೆ ಟ್ರ್ಯಾಪ್ ಹಾಕಿದರೂ ನೂರಕ್ಕೆ ತೊಂಬತ್ತೊಂಬತ್ತು ಸಲ ನಡೆಯುತ್ತದೆ. ಉಳಿದ ಒಂದು ಸಲ ಬಾಸ್ ಎದುರು ಡೆಮೊ ಕೊಡುವಾಗ ಬರುತ್ತದೆ.

ಟ್ರ್ಯಾಪ್ ಕಲಿತ ಹೊಸಬರು ಎಡವುವ ಜಾಗ ಬಹುತೇಕ ಒಂದೇ. 'ರದ್ದುಗೊಳಿಸಲಾಯಿತು' ಎಂಬ ಸಂದೇಶವನ್ನು ಮಾತ್ರ ಟ್ರ್ಯಾಪಿನೊಳಗೆ ಬರೆದು, ಕೆಳಗೆ ರೀಡ್ ಇಡುತ್ತಾರೆ. ಬ್ಯಾಷ್‌ನಲ್ಲಿ ಇದನ್ನು ಓಡಿಸಿ ಕಂಟ್ರೋಲ್-ಸಿ ಒತ್ತಿದರೆ 'ರದ್ದುಗೊಳಿಸಲಾಯಿತು' ಎಂದು ಬರುತ್ತದೆ, ಸ್ಕ್ರಿಪ್ಟ್ ಮಾತ್ರ ಹೋಗುವುದಿಲ್ಲ. ಟ್ರ್ಯಾಪ್ ಮುಗಿದೊಡನೆ ರೀಡ್ ತನ್ನ ಕಾಯುವಿಕೆಯನ್ನು ಬಿಟ್ಟಲ್ಲಿಂದ ಮುಂದುವರಿಸುತ್ತದೆ. ಇನ್ನೊಮ್ಮೆ ಒತ್ತಿದರೆ ಇನ್ನೊಮ್ಮೆ 'ರದ್ದುಗೊಳಿಸಲಾಯಿತು'. 'ಹೊರಟೆ' ಎಂದು ಹೇಳಿ ಹೊಸ್ತಿಲ ಮೇಲೆ ನಿಂತು ಮುಕ್ಕಾಲು ಗಂಟೆ ಮಾತಾಡುವ ನೆಂಟರ ಹಾಗೆ ಅದು ಅಲ್ಲೇ ಇರುತ್ತದೆ. ಇದು ಬ್ಯಾಷ್‌ನ ಲೋಪವಲ್ಲ, ಅದರ ದಸ್ತಾವೇಜಿನಲ್ಲೇ ಇರುವ ನಡವಳಿಕೆ. ಪಾಸಿಕ್ಸ್ ಎಂಬ ಮಾನದಂಡವನ್ನು ಪಾಲಿಸುವ ಮೋಡಿನಲ್ಲಿ ಓಡಿಸಿದರೆ ಅದೇ ಬ್ಯಾಷ್ ಟ್ರ್ಯಾಪ್ ಮುಗಿಸಿ, ರೀಡನ್ನೂ 128ಕ್ಕಿಂತ ದೊಡ್ಡ ಸಂಖ್ಯೆಯೊಂದಿಗೆ ಎಬ್ಬಿಸಿ ಕಳಿಸುತ್ತದೆ. ಯಾವ ಶೆಲ್, ಯಾವ ಮೋಡ್ ಎಂಬ ತಲೆಬಿಸಿ ಬೇಡವೆನ್ನುವವರು ಟ್ರ್ಯಾಪಿನೊಳಗೇ ಹೊರಹೋಗುವ ಕಮ್ಯಾಂಡನ್ನೂ ಬರೆಯಬೇಕು.

ಇನ್ನೊಂದು ಪಂಗಡ ಟ್ರ್ಯಾಪಿಗೆ ಖಾಲಿ ಉದ್ಧರಣ ಚಿಹ್ನೆ ಕೊಟ್ಟು ಸಿಗ್‌ಇಂಟ್‌ಗೆ ಕಿವಿ ಮುಚ್ಚಿಕೊಳ್ಳುತ್ತದೆ. 'ಮಧ್ಯದಲ್ಲಿ ನಿಲ್ಲಿಸಿದರೆ ಡೇಟಾ ಕೆಡುತ್ತದೆ' ಎನ್ನುವುದು ಅವರ ವಾದ. ಫೈಲಿನ ಹೆಸರು ಬದಲಿಸುವ ಎರಡು ಸಾಲುಗಳಿಗೆ ಈ ವಾದ ಸರಿ. ಪ್ರಶ್ನೆ ಕೇಳಿ ಕಾಯುವಾಗ ಅದರಲ್ಲಿ ಹುರುಳಿಲ್ಲ. ಕಾಯುವ ಸ್ಕ್ರಿಪ್ಟ್ ಯಾವ ಡೇಟಾವನ್ನು ತಾನೇ ಬರೆಯುತ್ತಿದೆ? ಮೇಲಾಗಿ ಈ ಕಿವುಡು ವಂಶಪಾರಂಪರ್ಯ. ಸ್ಕ್ರಿಪ್ಟ್ ಹಾಕಿಕೊಂಡ ಟ್ರ್ಯಾಪ್ ಅದು ಕರೆದ ಕಮ್ಯಾಂಡುಗಳಿಗೆ ಇಳಿಯುವುದಿಲ್ಲ, ಆದರೆ ಸಿಗ್ನಲ್ ಕಡೆಗಣಿಸುವ ಗುಣ ಇಳಿಯುತ್ತದೆ. ಸ್ಕ್ರಿಪ್ಟ್ ಓಡಿಸಿದ ಕಮ್ಯಾಂಡುಗಳೂ ತಾವಾಗಿ ಬೇರೆ ಏರ್ಪಾಡು ಮಾಡಿಕೊಳ್ಳದ ಹೊರತು ಕಂಟ್ರೋಲ್-ಸಿಗೆ ಬಗ್ಗುವುದಿಲ್ಲ. ಬಳಕೆದಾರನೇನೂ ಸೋತು ಸುಮ್ಮನಾಗುವವನಲ್ಲ. ಆತ ಕಂಟ್ರೋಲ್ ಜೊತೆ ಹಿಂಬಾಗಿದ ಗೆರೆ ಒತ್ತಿ ಸಿಗ್‌ಕ್ವಿಟ್ ಕಳಿಸುತ್ತಾನೆ. ಅದಕ್ಕೂ ಜಗ್ಗದಿದ್ದರೆ ಕಂಟ್ರೋಲ್-ಜೆಡ್‌ನಿಂದ ಅಮಾನತಿನಲ್ಲಿಟ್ಟು, ಕಿಲ್ ಕಮ್ಯಾಂಡಿನಿಂದ 9ನೇ ನಂಬರನ್ನು ಪ್ರಯೋಗಿಸುತ್ತಾನೆ. ಒಂಬತ್ತಕ್ಕೆ ಟ್ರ್ಯಾಪ್ ಹಾಕಲು ಬರುವುದಿಲ್ಲ. ಡೇಟಾ ಕಾಪಾಡಲೆಂದು ಹೂಡಿದ ಹಟ, ಯಾವ ಶುಚಿಕಾರ್ಯವೂ ನಡೆಯದ ಸಾವಿನಲ್ಲಿ ಮುಗಿಯುತ್ತದೆ.

'ನಿಜವಾಗಿಯೂ ನಿಲ್ಲಿಸಬೇಕೇ? ವೈ/ಎನ್' ಎಂದು ಟ್ರ್ಯಾಪಿನೊಳಗೇ ಮತ್ತೊಂದು ಪ್ರಶ್ನೆ ಇಡುವವರೂ ಇದ್ದಾರೆ. ಆ ಪ್ರಶ್ನೆಗೆ ಬರುವ ಉತ್ತರವೂ ಕಂಟ್ರೋಲ್-ಸಿಯೇ.

ಸರಿಯಾಗಿ ಸಾಯುವುದು ಹೇಗೆ ಎಂಬುದರಲ್ಲಿ ಒಂದು ಸೂಕ್ಷ್ಮವಿದೆ, ಇದರಲ್ಲಿ ಪಳಗಿದವರೂ ಜಾರುತ್ತಾರೆ. ಮೂರು ಸರ್ವರುಗಳ ಹೆಸರನ್ನು ಲೂಪಿನಲ್ಲಿಟ್ಟು ಒಂದೊಂದನ್ನೂ ಪಿಂಗ್ ಮಾಡುವ ಬ್ಯಾಷ್ ಸ್ಕ್ರಿಪ್ಟೊಂದನ್ನು ಎಣಿಸಿಕೊಳ್ಳಿ. ಕಂಟ್ರೋಲ್-ಸಿ ಒತ್ತಿದರೆ ಮೊದಲ ಪಿಂಗ್ ನಿಂತು, ಲೆಕ್ಕಪತ್ರ ಒಪ್ಪಿಸಿ ಹೋಗುತ್ತದೆ, ಎರಡನೆಯದು ಶುರುವಾಗುತ್ತದೆ. ಸಿಗ್ನಲ್ ಬ್ಯಾಷ್‌ಗೂ ತಲುಪಿತ್ತಲ್ಲವೇ? ತಲುಪಿತ್ತು. ಆದರೆ ಬ್ಯಾಷ್ ತಕ್ಷಣ ನಿರ್ಧರಿಸದೆ, ತಾನು ಕಾಯುತ್ತಿರುವ ಕಮ್ಯಾಂಡ್ ಹೇಗೆ ಮುಗಿಯುತ್ತದೆಂದು ನೋಡುತ್ತದೆ. ಅದು ಸಿಗ್‌ಇಂಟ್‌ನಿಂದಲೇ ಸತ್ತರೆ ತಾನೂ ಸಾಯುತ್ತದೆ. ಅದು ಸಿಗ್ನಲ್ಲನ್ನು ಹಿಡಿದು ನಿಭಾಯಿಸಿ ಮಾಮೂಲಿನಂತೆ ಹೊರನಡೆದರೆ, ಕಂಟ್ರೋಲ್-ಸಿ ಆ ಪ್ರೋಗ್ರಾಮಿನ ಖಾಸಗಿ ವ್ಯವಹಾರವಾಗಿತ್ತೆಂದು ತಿಳಿದು ಮುಂದಿನ ಸಾಲಿಗೆ ಹೋಗುತ್ತದೆ. ಎಡಿಟರುಗಳಲ್ಲಿ ಅದು ನಿಜವಾಗಿಯೂ ಖಾಸಗಿ ವ್ಯವಹಾರವೇ. ಫ್ರೀಬಿಎಸ್‌ಡಿಯ ಮಾರ್ಟಿನ್ ಕ್ರಾಕಾವರ್ ಈ ವಿಷಯವಾಗಿ ಬರೆದ ಲೇಖನ ಇಂದಿಗೂ ಶೆಲ್ ಬರೆಯುವವರ ನಡುವೆ ಉಲ್ಲೇಖವಾಗುತ್ತದೆ. ಅವರು ಹೇಳುವ ಕ್ರಮವೆಂದರೆ: ಟ್ರ್ಯಾಪಿನೊಳಗೆ ಶುಚಿಕಾರ್ಯ ಮುಗಿಸು, ಸಿಗ್‌ಇಂಟ್‌ನ ಟ್ರ್ಯಾಪನ್ನು ತೆಗೆದುಹಾಕು, ಆಮೇಲೆ ಅದೇ ಸಿಗ್ನಲ್ಲನ್ನು ನಿನಗೆ ನೀನೇ ಕಳಿಸಿಕೊಂಡು ಸಾಯಿ. 130 ಎಂಬ ಸಂಖ್ಯೆ ಕೊಟ್ಟು ಎಕ್ಸಿಟ್ ಆದರೆ ಸಾಲದೇ? ಓದುವ ಮನುಷ್ಯನಿಗೆ ಸಾಕು; ಕರೆದ ಬ್ಯಾಷ್‌ಗೆ ಸಾಲದು. ಅದು ಕರ್ನಲ್ಲನ್ನು ಕೇಳಿ ನಿಜವಾದ ಮರಣಕಾರಣ ತಿಳಿದುಕೊಳ್ಳುತ್ತದೆ. ಪ್ರಾಮಾಣಿಕವಾಗಿ ಸತ್ತವರಿಗೆ ಅಲ್ಲಿ ಕೊಂಚ ಮರ್ಯಾದೆಯೂ ಉಂಟು: ಸಿಗ್ನಲ್ಲಿನಿಂದ ಸತ್ತ ಸ್ಕ್ರಿಪ್ಟ್ ಟರ್ಮಿನಲ್ಲನ್ನು ಕೆಡಿಸಿಟ್ಟು ಹೋಗಿದ್ದರೆ ಪ್ರಾಂಪ್ಟಿನಲ್ಲಿ ಕೂತ ಬ್ಯಾಷ್ ಅದನ್ನು ತಾನೇ ಸರಿಪಡಿಸುತ್ತದೆ. ಎಕ್ಸಿಟ್ ಹೇಳಿ ಹೊರಬಿದ್ದದ್ದಾದರೆ, ಬೇಕೆಂದೇ ಹಾಗೆ ಮಾಡಿರಬೇಕೆಂದು ಹಾಗೇ ಬಿಡುತ್ತದೆ.

ಶುಚಿಕಾರ್ಯವನ್ನು ಎಕ್ಸಿಟ್ ಹೆಸರಿನ ಟ್ರ್ಯಾಪಿನಲ್ಲಿ ಬರೆದರೆ ಎಲ್ಲ ಬಗೆಯ ನಿರ್ಗಮನಕ್ಕೂ ಒಂದೇ ಏರ್ಪಾಡು ಸಾಕು ಎಂಬ ನಂಬಿಕೆ ವ್ಯಾಪಕವಾಗಿದೆ. ಬ್ಯಾಷ್‌ನಲ್ಲಿ ಸಿಗ್‌ಇಂಟ್‌ನಿಂದ ಸಾಯುವಾಗಲೂ ಅದು ನಡೆಯುತ್ತದೆ. ಡ್ಯಾಶ್‌ನಲ್ಲಿ ನಡೆಯುವುದಿಲ್ಲ. ಉಬುಂಟು 2006ರ 6.10ನೇ ಆವೃತ್ತಿಯಿಂದ ಬಿನ್ ಡೈರೆಕ್ಟರಿಯ ಎಸ್‌ಎಚ್ ಎಂಬ ಹೆಸರಿನ ಹಿಂದೆ ಡ್ಯಾಶನ್ನು ಕೂರಿಸಿದೆ. ಹೀಗಾಗಿ ಮೊದಲ ಸಾಲಿನಲ್ಲಿ ಯಾವ ಶೆಲ್ ಹೆಸರಿದೆ ಎಂಬುದರ ಮೇಲೆ ಅದೇ ಸ್ಕ್ರಿಪ್ಟ್ ಒಮ್ಮೆ ಮನೆ ಗುಡಿಸಿ ಹೋಗುತ್ತದೆ, ಒಮ್ಮೆ ಹಾಗೇ ಹೋಗುತ್ತದೆ. ಸಿಗ್‌ಇಂಟ್, ಸಿಗ್‌ಟರ್ಮ್‌ಗಳಿಗೆ ಪ್ರತ್ಯೇಕ ಟ್ರ್ಯಾಪ್ ಬರೆಯುವ ಬೇಸರ ಪಡುವುದೇ ಲೇಸು.

ಕೊನೆಯದು ಕಂಟ್ರೋಲ್-ಡಿ. ಇದು ಸಿಗ್ನಲ್ಲೇ ಅಲ್ಲ, ಆದ್ದರಿಂದ ಟ್ರ್ಯಾಪಿಗೆ ಸಿಗುವುದೂ ಇಲ್ಲ. ಖಾಲಿ ಸಾಲಿನಲ್ಲಿ ಒತ್ತಿದರೆ 'ಇನ್ನು ಕೊಡಲು ಏನೂ ಇಲ್ಲ' ಎಂದು ರೀಡ್‌ಗೆ ತಿಳಿಯುತ್ತದೆ, ರೀಡ್ ಸೋಲಿನ ಸಂಖ್ಯೆಯೊಂದಿಗೆ ಹಿಂದಿರುಗುತ್ತದೆ. ವೈ ಅಥವಾ ಎನ್ ಸಿಗುವವರೆಗೂ ಬಿಡದೆ ಕೇಳುವ ಲೂಪುಗಳು ಈ ಸಂಖ್ಯೆಯನ್ನು ನೋಡದಿದ್ದರೆ, ಖಾಲಿ ಉತ್ತರವನ್ನು ತಪ್ಪು ಉತ್ತರವೆಂದು ಭಾವಿಸಿ ಮತ್ತೆ ಕೇಳುತ್ತವೆ. ಟರ್ಮಿನಲ್ಲಿನಲ್ಲಿ ಬಳಕೆದಾರ ಮತ್ತೇನಾದರೂ ಒತ್ತಿ ಪಾರಾಗಬಹುದು. ಅದೇ ಸ್ಕ್ರಿಪ್ಟನ್ನು, ಗೊತ್ತುಪಡಿಸಿದ ಹೊತ್ತಿಗೆ ಕೆಲಸಗಳನ್ನು ತಾನೇ ಓಡಿಸುವ ಕ್ರಾನ್‌ಗೆ ವಹಿಸಿದರೆ ಎದುರಿಗೆ ಕೀಬೋರ್ಡೂ ಇಲ್ಲ, ಕಂಟ್ರೋಲ್-ಸಿ ಒತ್ತುವ ಬೆರಳೂ ಇಲ್ಲ. ರೀಡ್ ಕೇಳಿದಾಗಲೆಲ್ಲ ಆ ಕ್ಷಣವೇ ಸೋಲುತ್ತದೆ, ಲೂಪು ಆ ಕ್ಷಣವೇ ಮತ್ತೆ ಕೇಳುತ್ತದೆ. ಕ್ರಾನ್ ತಾನು ಓಡಿಸಿದ ಕೆಲಸದ ಔಟ್‌ಪುಟ್ಟನ್ನು ಮಾಲೀಕರಿಗೆ ಮೇಲ್ ಮಾಡುವ ಅಭ್ಯಾಸದ್ದು. ಪ್ರಶ್ನೆ ಕೇಳುವ ಮುಂಚೆ ಟೆಸ್ಟ್ ಕಮ್ಯಾಂಡಿಗೆ ಹೈಫನ್-ಟಿ ಮತ್ತು ಸೊನ್ನೆ ಕೊಟ್ಟು, ಇನ್‌ಪುಟ್ ಟರ್ಮಿನಲ್ಲಿನಿಂದ ಬರುತ್ತಿದೆಯೇ ಎಂದು ಒಂದು ಸಾಲಿನಲ್ಲಿ ನೋಡಿಕೊಳ್ಳಬಹುದು. ನೋಡಿಕೊಳ್ಳದಿದ್ದರೆ, ಆ ಲೂಪನ್ನು ಕಂಡುಹಿಡಿದು ಕೊಲ್ಲುವವರೆಗೂ, ಇಲ್ಲವೇ ಡಿಸ್ಕ್ ತುಂಬುವ ತನಕ, 'ಮುಂದುವರಿಸಲೇ? ವೈ/ಎನ್' ಎಂಬ ಒಂದೇ ಸಾಲಿನ ಔಟ್‌ಪುಟ್ ಬೆಳೆಯುತ್ತಲೇ ಇರುತ್ತದೆ.