ಕಾಲಿಗೆ ಕಂಡ ಕೊಚ್ಚಿ

ಹಳೆಯ ಊರು ನೋಡಲು ಹೊಸ ಚಪ್ಪಲಿ ಹಾಕಿಕೊಂಡು ಹೋಗಬಾರದು. ಇದು ನನಗೆ ಗೊತ್ತಾದದ್ದು ಫೋರ್ಟ್ ಕೊಚ್ಚಿಯಲ್ಲಿ, ಅರ್ಧ ಮೈಲಿ ನಡೆದ ಮೇಲೆ. ‘ಬಂದರಿನ ಊರನ್ನು ನಡೆದೇ ನೋಡಬೇಕು, ಆಟೋ ಹತ್ತಿದರೆ ಇತಿಹಾಸ ಜಾರಿಹೋಗುತ್ತದೆ’ ಎಂದು ರೈಲಿನಲ್ಲಿ ಭಾಷಣ ಬಿಗಿದವನು ನಾನೇ. ಹಾಗಾಗಿ ಚಪ್ಪಲಿ ಕಚ್ಚಿದ್ದನ್ನು ನನ್ನಾಕೆಗೆ ಹೇಳುವ ಹಾಗಿರಲಿಲ್ಲ.

ನಾವು ಹೊರಟದ್ದು ಶುಕ್ರವಾರ ಮಧ್ಯಾಹ್ನ. ಬಜಾರ್ ರಸ್ತೆಯ ಮಂಡಿಗಳಿಂದ ಬರುವ ಒಣಶುಂಠಿ, ಮೆಣಸಿನ ಘಾಟಿಗೆ ಸೀನುತ್ತಾ ಮಟ್ಟಾಂಚೇರಿ ಅರಮನೆ ಮುಟ್ಟಿದರೆ ಬಾಗಿಲು ಹಾಕಿತ್ತು. ಶುಕ್ರವಾರ ರಜೆಯಂತೆ. ಪಕ್ಕದ ಯೆಹೂದಿ ಬೀದಿಯ ಪ್ರಾರ್ಥನಾಮಂದಿರ, ಸಿನಗಾಗ್, ಮಧ್ಯಾಹ್ನಕ್ಕೇ ಮುಚ್ಚಿತ್ತು. ಮರುದಿನ ಅರಮನೆ ತೆರೆದರೂ ಸಿನಗಾಗಿಗೆ ಸಬ್ಬತ್ತಿನ ರಜೆ. ಬಿಷಪ್ ಹೌಸಿನ ಇಂಡೋ-ಪೋರ್ಚುಗೀಸ್ ಮ್ಯೂಸಿಯಂಗೆ ಸೋಮವಾರ ರಜೆ. ನಮ್ಮ ಪಂಚಾಂಗದಲ್ಲಿ ರಾಹುಕಾಲ ದಿನಕ್ಕೆ ಒಂದೂವರೆ ಗಂಟೆ. ಕೊಚ್ಚಿಯಲ್ಲಿ ಅದು ಕಟ್ಟಡದಿಂದ ಕಟ್ಟಡಕ್ಕೆ ತಿರುಗುತ್ತಾ ಇಡೀ ದಿನ ಕೂತುಬಿಡುತ್ತದೆ.

ಶನಿವಾರ ಅರಮನೆ ದಕ್ಕಿತು. 1555ರ ಸುಮಾರಿಗೆ ಇದನ್ನು ಕಟ್ಟಿಸಿ ಕೊಚ್ಚಿಯ ರಾಜನಿಗೆ ಕೊಟ್ಟವರು ಪೋರ್ಚುಗೀಸರು. 1663ರಲ್ಲಿ ಡಚ್ಚರು ರಿಪೇರಿ ಮಾಡಿಸಿದರು. ಹೆಸರು ಮಾತ್ರ ಡಚ್ ಪ್ಯಾಲೇಸ್!

“ಹಾಗಾದರೆ ನಮ್ಮನೆಗೆ ಆ ಪ್ಲಂಬರನ ಹೆಸರಿಡಬೇಕಾಗುತ್ತೆ ರೀ” ಎಂದಳು ಇವಳು.

ರಾಜರ ಮಲಗುವ ಕೋಣೆಯ ಗೋಡೆಗಳ ಮೇಲೆ ಇಡೀ ರಾಮಾಯಣವಿದೆ, ಕೆಂಪು, ಹಸಿರು, ಹಳದಿಯ ದಟ್ಟಣೆಯಲ್ಲಿ. ಕಾಡಿನಲ್ಲಿ ನಡೆಯುವವರನ್ನು ಕಂಡಾಗಲೆಲ್ಲ ನನ್ನ ಕಣ್ಣು ಅವರ ಪಾದಕ್ಕೇ ಹೋಗುತ್ತಿತ್ತು. ಕೆಳಗಿನ ಕೋಣೆಯ ಕೃಷ್ಣನಂತೂ ಎಂಟು ಗೋಪಿಯರನ್ನು ಆರು ಕೈ, ಎರಡು ಕಾಲುಗಳಲ್ಲಿ ಸಂಭಾಳಿಸುತ್ತಿದ್ದಾನೆ. ದೇವರ ಕಾಲಿಗೇ ಬಿಡುವಿಲ್ಲ ಎಂದಮೇಲೆ ನನ್ನದೇನು?

ಆದರೆ ನಾನು ಮೈಮರೆತು ನಿಂತದ್ದು ಪಲ್ಲಕ್ಕಿಯ ಮುಂದೆ. ದಂತದ ಕುಸುರಿಯದು. ಇವಳು ಕುಸುರಿ ನೋಡಿದಳು, ನಾನು ಸೀಟು ನೋಡಿದೆ. ನನ್ನ ಉದ್ದಕ್ಕೆ ಸಾಲದು, ಆದರೂ ಮಂಡಿ ಮಡಚಿದರೆ ಆಗಬಹುದು ಎಂದು ಲೆಕ್ಕ ಹಾಕುತ್ತಿದ್ದಾಗ ಕಾವಲುಗಾರ ಕೆಮ್ಮಿದ.

ಸಂಜೆ ಬಿಷಪ್ ಹೌಸಿನ ನೆಲಮಾಳಿಗೆಗೆ ಇಳಿದು ಕೋಟೆಯನ್ನೂ ನೋಡಿದೆವು. ಫೋರ್ಟ್ ಕೊಚ್ಚಿಯಲ್ಲಿ ಫೋರ್ಟ್ ಎಂಬುದು ಉಳಿದಿರುವುದು ಇಂಥ ಮುರುಕು ಗೋಡೆಗಳಲ್ಲಿ ಮಾತ್ರ. ಅಲ್ಲಿಂದ ಸೇಂಟ್ ಫ್ರಾನ್ಸಿಸ್ ಚರ್ಚ್. 1524ರ ಕ್ರಿಸ್‌ಮಸ್ ಹಿಂದಿನ ದಿನ ಕೊಚ್ಚಿಯಲ್ಲಿ ತೀರಿಕೊಂಡ ವಾಸ್ಕೊ ಡ ಗಾಮನನ್ನು ಹೂಳಿದ್ದು ಇಲ್ಲೇ. ಕೆಲವು ವರ್ಷಗಳ ಮೇಲೆ ಅಸ್ಥಿಯನ್ನು ತೆಗೆದು ಪೋರ್ಚುಗಲ್ಲಿಗೆ ಹಡಗು ಹತ್ತಿಸಿದರಂತೆ. ಪಾಪ, ಕಾಲು ಚಾಚಿ ಮಲಗಿದವನನ್ನೂ ಎಬ್ಬಿಸಿ ಪ್ರಯಾಣ ಮಾಡಿಸಿದರು. ಖಾಲಿ ಸಮಾಧಿಯ ಎದುರಿನ ಬೆಂಚಿನಲ್ಲಿ ನಾನು ಎಷ್ಟು ಹೊತ್ತು ಕಣ್ಮುಚ್ಚಿ ಕೂತಿದ್ದೆನೆಂದರೆ, ಹಿಂದಿನಿಂದ ಬಂದ ಹೆಂಗಸೊಬ್ಬರು ನನ್ನನ್ನು ಭಕ್ತನೆಂದು ತಿಳಿದು ಸದ್ದಿಲ್ಲದೆ ಪಕ್ಕಕ್ಕೆ ಸರಿದರು.

ಭಾನುವಾರ, ಮೂರನೆಯ ಸಲ ಅದೇ ಶುಂಠಿ, ಅದೇ ಸೀನು. 1568ರ ಸಿನಗಾಗ್ ಕೊನೆಗೂ ತೆರೆದಿತ್ತು. ಇಲ್ಲಿನ ಯೆಹೂದಿಗಳು ಹೆಚ್ಚುಕಡಿಮೆ ಎಲ್ಲರೂ ಇಸ್ರೇಲಿಗೆ ಹೋಗಿಬಿಟ್ಟಿದ್ದಾರೆ. ಪೂರ್ಣ ಪ್ರಾರ್ಥನೆಗೆ ಬೇಕಾದ ಹತ್ತು ಗಂಡಸರು ಊರಲ್ಲಿ ಸಿಗುವುದಿಲ್ಲ, ಆದರೆ ಶನಿವಾರದ ರಜೆ ತಪ್ಪಿಲ್ಲ.

“ಚಪ್ಪಲಿ ಹೊರಗೆ ಬಿಡಿ” ಎಂದರು ಬಾಗಿಲಲ್ಲಿದ್ದವರು. ಮೂರು ದಿನದಲ್ಲಿ ನಾನು ಕೇಳಿದ ಅತಿ ಮಧುರವಾದ ಮಾತು ಅದು.

ನೆಲಕ್ಕೆಲ್ಲ 18ನೇ ಶತಮಾನದಲ್ಲಿ ಚೀನಾದಿಂದ ಬಂದ ಬಿಳಿ ಹೆಂಚು, ಅದರ ಮೇಲೆ ಕೈಯಲ್ಲಿ ಬರೆದ ನೀಲಿ ಚಿತ್ತಾರ. ಒಂದರಂತೆ ಇನ್ನೊಂದಿಲ್ಲ ಎನ್ನುತ್ತಾರೆ. ಇವಳು ಬಗ್ಗಿ ಬಗ್ಗಿ ಜೋಡಿ ಹುಡುಕತೊಡಗಿದಳು. ನನ್ನ ಹಿಮ್ಮಡಿಯ ಬೊಬ್ಬೆಗೆ ಆ ತಣ್ಣಗಿನ ನುಣುಪು ತಾಗಿದ್ದೇ ತಡ, ಎದೆಯವರೆಗೂ ಹಾಯೆನಿಸಿತು. ಒಂದು ಹೆಂಚಿನಿಂದ ಇನ್ನೊಂದಕ್ಕೆ, ದೀಪಗುಚ್ಛಗಳ ಕೆಳಗೆ, ಮೆಲ್ಲಗೆ ಪಾದ ಜರುಗಿಸುತ್ತಾ ನಡೆದೆ.

“ಎಷ್ಟು ಶ್ರದ್ಧೆಯಿಂದ ನೋಡ್ತಾ ಇದ್ದೀರಿ!” ಎಂದಳು ಇವಳು. ನಾನು ಗಂಭೀರವಾಗಿ ತಲೆಯಾಡಿಸಿದೆ.

ದೇವಸ್ಥಾನದಲ್ಲಿ ಚಪ್ಪಲಿ ಕಳೆದರೆ ಶನಿ ಬಿಟ್ಟಂತೆ ಎನ್ನುತ್ತಾರಲ್ಲ. ಸಿನಗಾಗಿಗೂ ಅದು ಅನ್ವಯಿಸೀತೇ ಎಂಬ ಆಸೆಯಿಂದಲೇ ಹೊರಗೆ ಬಂದೆ. ಕೊಚ್ಚಿಯ ಜನ ಪ್ರಾಮಾಣಿಕರು. ಎರಡೂ ಅಲ್ಲೇ ಇದ್ದವು, ಮೂತಿ ಬಾಗಿಲ ಕಡೆ ಮಾಡಿಕೊಂಡು, ಕಾದು ಕೂತ ನಾಯಿಗಳ ಹಾಗೆ.