ಎರಡನೆಯ ಮೈಲಿ

ಭಾನುವಾರದ ಪ್ರಸಂಗವನ್ನು ನಮ್ಮ ಸಭೆಯವರು ಎಷ್ಟು ಶ್ರದ್ಧೆಯಿಂದ ಕೇಳುತ್ತಾರೆಂದರೆ, ಯಾವ ಮಾತು ಯಾರಿಗೆ ತಾಗಬೇಕು ಎಂಬುದು ಅಯ್ಯನವರಿಗಿಂತ ಮೊದಲೇ ಅವರಿಗೆ ಗೊತ್ತಿರುತ್ತದೆ. ಜಿಪುಣತನದ ವಿಷಯ ಬಂದರೆ ಕತ್ತುಗಳು ಮೂರನೇ ಬೆಂಚಿನತ್ತ ತಿರುಗುತ್ತವೆ. ಹೊಟ್ಟೆಕಿಚ್ಚಿನ ಮಾತು ಬಂದರೆ ಗಾಯನ ಮಂಡಳಿಯತ್ತ. ಹೇಳಿದ್ದೆಲ್ಲ ತನಗೇ ಎಂದುಕೊಳ್ಳುವ ಪೆದ್ದ ನಮ್ಮಲ್ಲಿ ಒಬ್ಬನೇ ಇರುವುದು. ಅದು ನಾನು.

ಆ ವಾರ ಮತ್ತಾಯ 5:41. ದಾರಿಯಲ್ಲಿ ಸಿಕ್ಕ ಯೆಹೂದಿ ರೈತನನ್ನು ಹಿಡಿದು ತನ್ನ ಹೊರೆ ಹೊರಿಸುವ ಅಧಿಕಾರ ರೋಮನ್ ಸಿಪಾಯಿಗಿತ್ತು. ಶುದ್ಧ ಬಿಟ್ಟಿ ಚಾಕರಿ. ಹಾಗೆ ಒಂದು ಮೈಲಿ ಎಳೆದೊಯ್ಯುವವನ ಜೊತೆ ಎರಡು ಮೈಲಿ ಹೋಗು ಎಂದ ಯೇಸು. ರೋಮಿನ ಮೈಲಿಯೆಂದರೆ ಸಾವಿರ ಜೋಡಿಹೆಜ್ಜೆ, ನಮ್ಮ ಲೆಕ್ಕಕ್ಕೆ ಸುಮಾರು ಒಂದೂವರೆ ಕಿಲೋಮೀಟರು. ಪರ್ವತ ಪ್ರಸಂಗದ ಉಳಿದ ಆಜ್ಞೆಗಳ ಮುಂದೆ ಇದು ಅಗ್ಗ. ಇನ್ನೊಂದು ಕೆನ್ನೆ ತೋರಿಸಬೇಕಾದರೆ ಮೊದಲು ಯಾರಾದರೂ ಹೊಡೆಯಬೇಕು. ವೈರಿಯನ್ನು ಪ್ರೀತಿಸಲು ವೈರಿ ಬೇಕು, ನನಗಿರುವವರೆಲ್ಲ ನೆಂಟರು. ಮೈಲಿಯ ವಿಷಯಕ್ಕಾದರೆ ಸ್ಕೂಟರ್ ಇದೆ.

ಸೋಮವಾರ ಸಂಜೆ ಮಂಗಳೂರಿನ ಸ್ಟೇಟ್ ಬ್ಯಾಂಕ್ ಹತ್ತಿರ ಒಬ್ಬರು ಕೈ ಅಡ್ಡ ಹಿಡಿದರು. "ಜ್ಯೋತಿವರೆಗೆ ಬಿಡ್ತೀರಾ?" ಐವತ್ತು ದಾಟಿದ ಪ್ರಾಯ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಬಂಗುಡೆಯ ತೊಟ್ಟೆ. ತೊಟ್ಟೆಯ ಮೂಲೆಯಲ್ಲೊಂದು ಸಣ್ಣ ತೂತು. ಹಂಪನಕಟ್ಟೆಯಲ್ಲಿ ನಿಂತಾಗ ಮೀನಿನ ನೀರು ನನ್ನ ಎಡಗಾಲಿನ ಶೂ ಮೇಲೆ ತಟ್, ತಟ್ ಎಂದು ಬೀಳತೊಡಗಿತು. ನನಗೆ ಒಳಗೊಳಗೇ ಖುಷಿ. ಹೊರೆಯೆಂದರೆ ಹೀಗಿರಬೇಕು.

ಜ್ಯೋತಿ ಬಂತು. ನಾನು ನಿಲ್ಲಿಸಲಿಲ್ಲ.

"ಇಲ್ಲೇ, ಇಲ್ಲೇ."

"ಪರವಾಗಿಲ್ಲ, ಇನ್ನೂ ಸ್ವಲ್ಪ ಮುಂದೆ ಬಿಡ್ತೇನೆ."

"ಮುಂದೆ ಎಂತಕ್ಕೆ? ನನ್ನ ಮನೆ ಇಲ್ಲಿ!"

"ಕೂತ್ಕೊಳ್ಳಿ. ನನಗೇನೂ ಕಷ್ಟ ಇಲ್ಲ."

"ನನಗೆ ಕಷ್ಟ ಉಂಟಲ್ಲ ಮಾರಾಯ್ರೆ!"

ಬಲ್ಮಠದ ಏರಿನಲ್ಲಿ ಅವರ ಕೊಡೆಯ ತುದಿ ನನ್ನ ಪಕ್ಕೆಲುಬುಗಳನ್ನು ಒಂದೊಂದಾಗಿ ಪರೀಕ್ಷಿಸಿತು. ನನ್ನ ಕಣ್ಣು ಮಾತ್ರ ಮೀಟರಿನ ಮೇಲೆ. ಹತ್ತಿಸಿಕೊಂಡಲ್ಲಿಂದ ಜ್ಯೋತಿಗೆ ಎಷ್ಟಾಗಿತ್ತೋ ಅಷ್ಟೇ ಮುಂದೆ ಹೋಗಬೇಕು; ಧರ್ಮಕಾರ್ಯದಲ್ಲಿ ಅಳತೆ ತಪ್ಪಬಾರದು. ಹಿಂದಿನವರು ಕನ್ನಡ ಬಿಟ್ಟು ತುಳುವಿಗೆ ಹತ್ತಿದರು. "ಉಂತಾಲೆ, ಉಂತಾಲೆ!" ನಾನು ಬೆಂದೂರ್‌ವೆಲ್ ಕಡೆಗೆ ನೋಡುತ್ತ ಮುಗುಳ್ನಗುತ್ತಿದ್ದೆ. ಕನ್ನಡಿಯಲ್ಲಿ ಅವರಿಗೆ ಆ ನಗೆ ಕಂಡಿರಬೇಕು, ಸ್ವರ ಒಮ್ಮೆಲೇ ತಗ್ಗಿತು.

"ನಿಮ್ಮನ್ನು ಕಳಿಸಿದ್ದು ಯಾರು? ಸೊಸೈಟಿಯವರಾ? ಕಂತು ಮುಂದಿನ ವಾರ ಕಟ್ತೇನೆ ಅಂತ ಹೇಳಿದ್ದೇನಲ್ಲ."

ಕಳಿಸಿದವನ ಹೆಸರು ನಾಲಗೆಯ ತುದಿಗೆ ಬಂದಿತ್ತು. ನುಂಗಿದೆ. ಬಾಸೆಲ್ ಮಿಷನ್ನಿನವರು 1834ರಲ್ಲಿ ಬಂದಿಳಿದ ಊರಿದು, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಟ ಊರು. ನಮ್ಮ ಹಿರಿಯರು ಸುಟ್ಟ ಹಂಚಿನಡಿ ಎಲ್ಲ ಜಾತಿಯವರೂ ಮಳೆಗಾಲ ಕಳೆದಿದ್ದಾರೆ. ಆದರೂ 2008ರ ಸೆಪ್ಟೆಂಬರಿನಲ್ಲಿ ಇಲ್ಲಿನ ಚರ್ಚುಗಳ ಮೇಲೆ ದಾಳಿಯಾದ ಮೇಲೆ, ಗುರುತಿಲ್ಲದವರ ಎದುರು ಆ ಹೆಸರೆತ್ತುವ ಮೊದಲು ನಮ್ಮ ನಾಲಗೆ ಒಮ್ಮೆ ಅತ್ತಿತ್ತ ನೋಡಿಕೊಳ್ಳುತ್ತದೆ. "ನನಗೆ ಯೇಸು ಹೇಳಿದ್ದಾನೆ" ಎಂದು ಅಪರಿಚಿತನನ್ನು ಸ್ಕೂಟರಿನಿಂದ ಇಳಿಸದೆ ಒಯ್ಯುವುದಕ್ಕೆ ಮರುದಿನದ ಪತ್ರಿಕೆ ಏನು ತಲೆಬರಹ ಕೊಟ್ಟೀತೆಂದು ನನಗೆ ಗೊತ್ತಿತ್ತು.

"ಯಾರೂ ಕಳಿಸಿಲ್ಲ. ನಾನೇ ಬಂದದ್ದು" ಎಂದೆ. ಅದು ಇನ್ನೂ ಭಯಂಕರವಾಗಿ ಕೇಳಿಸಿತು.

ಒಂದನೇ ಮೈಲಿಯಲ್ಲಿ ಪೊಲೀಸರಿರಲಿಲ್ಲ. ಎರಡನೆಯದರಲ್ಲಿದ್ದರು. ಹಿಂದೆ ಕೂತವರ ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ.

"ಯಾರಿವರು?"

"ಗೊತ್ತಿಲ್ಲ ಸಾರ್. ಇಳಿಸ್ಲಿಕ್ಕೇ ಕೇಳುದಿಲ್ಲ."

ಅಧಿಕಾರಿಗಳಿಗೆ ಅಧೀನರಾಗಿರಿ ಎಂಬರ್ಥದ ಪೌಲನ ಮಾತು ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯದಲ್ಲಿದೆ. ಪೌಲ ಮೊದಲೇ ನೆನಪಾಗಿದ್ದರೆ ಮತ್ತಾಯನನ್ನು ಜ್ಯೋತಿಯಲ್ಲೇ ಇಳಿಸಬಹುದಿತ್ತು. 500 ರೂಪಾಯಿ ದಂಡ ಕಟ್ಟಿದೆ. ಅಂಗಿ ಕೇಳಿದವನಿಗೆ ಮೇಲುಹೊದಿಕೆಯನ್ನೂ ಕೊಡು ಎನ್ನುವ 5:40ರ ಪ್ರಕಾರ ಸಾವಿರವನ್ನೇ ಕೊಡಬೇಕಿತ್ತು. ಆದರೆ ಪೊಲೀಸರಿಗೆ ರಸೀದಿಗಿಂತ ಹೆಚ್ಚು ಕೊಟ್ಟರೆ ನಮ್ಮ ದೇಶದಲ್ಲಿ ಅದಕ್ಕೆ ಬೇರೆ ಹೆಸರಿದೆ.

"ಬನ್ನಿ, ವಾಪಸ್ ಬಿಡ್ತೇನೆ" ಎಂದೆ. ಆ ಮನುಷ್ಯ ಕೈಮುಗಿದರು. ಎರಡು ಅಂಗೈಗಳ ನಡುವೆ ಬಂಗುಡೆಯ ತೊಟ್ಟೆ. ಆಮೇಲೆ ಅವರು ರಿಕ್ಷಾದತ್ತ ಓಡಿದ ವೇಗ ನೋಡಿದರೆ ಅವರಿಗೆ ಡ್ರಾಪ್ ಬೇಕಾಗಿಯೇ ಇರಲಿಲ್ಲ ಅನ್ನಿಸಿತು.

ಮನೆಯಲ್ಲಿ ಶೂ ಹೊರಗೆ ಬಿಡಿಸಿ, ಕಥೆ ಪೂರ್ತಿ ಕೇಳಿದ ಹೆಂಡತಿ ಒಂದೇ ಪ್ರಶ್ನೆ ಹಾಕಿದಳು. "ಹೊರೆ ಹಿಡ್ಕೊಂಡಿದ್ದದ್ದು ಯಾರು?"

"ಅವರು."

"ಬೇಡ ಬೇಡ ಅಂದರೂ ಎಳ್ಕೊಂಡು ಹೋದದ್ದು?"

"ನಾನು."

"ಹಾಗಾದರೆ ನೀವು ರೈತ ಹೇಗಾಗ್ತೀರಿ? ಸಿಪಾಯಿ!"

ನಾನು ಟಾಲ್‌ಸ್ಟಾಯ್ ಹಿಂದೆ ಅಡಗಿದೆ. ಪರ್ವತ ಪ್ರಸಂಗವನ್ನು ಅಕ್ಷರಶಃ ಪಾಲಿಸಬೇಕೆಂದು ಹಟ ಹಿಡಿದ ಮಹಾನುಭಾವ, ಅವರ ಪುಸ್ತಕ ಓದಿ ದಕ್ಷಿಣ ಆಫ್ರಿಕಾದಲ್ಲಿದ್ದ ಗಾಂಧೀಜಿಯೇ ಮನಸೋತಿದ್ದರು ಎಂದೆಲ್ಲ ಹೇಳಿದೆ.

"82ನೇ ವಯಸ್ಸಿನಲ್ಲಿ ರಾತ್ರೋರಾತ್ರಿ ಮನೆ ಬಿಟ್ಟು, ರೈಲ್ವೆ ಸ್ಟೇಷನ್ನಿನಲ್ಲಿ ಪ್ರಾಣ ಬಿಟ್ಟದ್ದೂ ಅವರೇ ಅಲ್ವಾ? ಕೃತಿಗಳ ಹಕ್ಕನ್ನೆಲ್ಲ ಬಿಟ್ಟುಕೊಡಲು ಹೊರಟಾಗ ಅಷ್ಟು ಮಕ್ಕಳನ್ನು ಕಟ್ಟಿಕೊಂಡ ಹೆಂಡತಿ ಏನು ಹೇಳಿದಳು ಅಂತ ಓದಿದ್ದೀರಾ?"

ಓದಿರಲಿಲ್ಲ. ಅವಳು ಓದಿದ್ದಳು.

ಅಷ್ಟರಲ್ಲಿ ನನ್ನ ಫೋನಿಗೆ ಅವಳ ತಮ್ಮನ ವಾಟ್ಸಾಪ್ ಬಂತು. ಅವನೂ ನಿನ್ನೆ ಆರಾಧನೆಗೆ ಬಂದಿದ್ದ. ಅಯ್ಯನವರು ಓದಿದ್ದಕ್ಕಿಂತ ಒಂದು ವಚನ ಮುಂದೆ ಓದಿಕೊಂಡಿದ್ದ. "ಮತ್ತಾಯ 5:42. ಹತ್ತು ಸಾವಿರ ಸಾಕು, ಭಾವ." ಸಾಲ ಕೇಳಿ ಬಂದವನಿಗೆ ಮುಖ ತಿರುಗಿಸಬೇಡ ಎನ್ನುವ ವಚನ ಅದು. ನಾನು ಆಗಲೇ ಪರ್ಸು ಹುಡುಕುತ್ತಿದ್ದೆ. ಹೆಂಡತಿ ಫೋನ್ ಕಸಿದುಕೊಂಡು ಉತ್ತರ ಒತ್ತಿದಳು: "ಜ್ಞಾನೋಕ್ತಿಗಳು 22:7." ಸಾಲ ಮಾಡಿದವನು ಕೊಟ್ಟವನ ಆಳಾಗುತ್ತಾನೆ ಎಂಬುದು ಅದರ ಸಾರ.

ಅಲ್ಲಿಂದೀಚೆಗೆ ಭಾವಮೈದ ನನ್ನೊಡನೆ ಮಾತು ಬಿಟ್ಟಿದ್ದಾನೆ. ತಪ್ಪು ಮಾಡಿದವನನ್ನು ಏಳೆಪ್ಪತ್ತು ಸಲ ಕ್ಷಮಿಸಬೇಕೆನ್ನುವ ಮತ್ತಾಯ 18:22ನ್ನು ಅವನಿಗೆ ಕಳಿಸೋಣವೆಂದಿದ್ದೆ. ಹೆಂಡತಿ ತಡೆದಳು.

"ಕಳಿಸಬೇಡಿ. ಕ್ಷಮಿಸಿದರೆ ಮತ್ತೆ ಸಾಲ ಕೇಳ್ತಾನೆ."